ಸ್ಪೀಕರ್ ಎಡಗಡೆಯ ಸಾಲು

ತುಮಕೂರು, 20 ಜುಲೈ 2025, ಭಾನುವಾರ

ನಾಳೆ ಸಂಸತ್ತಿನ ಮುಂಗಾರು ಅಧಿವೇಶನ ಶುರು. ಲೋಕಸಭೆಯಲ್ಲಿ ವಿರೋಧ ಪಕ್ಷದವರು ಕೂರುವುದು ಸ್ಪೀಕರ್ ಎಡಗಡೆಗೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಿಂದ ಗೆದ್ದವರು ಒಬ್ಬರೂ ಈಗ ಆ ಕಡೆ ಇಲ್ಲ. ತುಮಕೂರಿನ ವಿ. ಸೋಮಣ್ಣ ಕೇಂದ್ರ ಸಚಿವರು, ಚಿಕ್ಕಬಳ್ಳಾಪುರದ ಕೆ. ಸುಧಾಕರ್ ಬಿಜೆಪಿ, ಕೋಲಾರದ ಮಲ್ಲೇಶ್ ಬಾಬು ಮಿತ್ರಪಕ್ಷ ಜೆಡಿಎಸ್. ಶಿರಾ, ಪಾವಗಡ ಸೇರಿಕೊಂಡ ಚಿತ್ರದುರ್ಗವೂ, ಕುಣಿಗಲ್ ಸೇರಿಕೊಂಡ ಬೆಂಗಳೂರು ಗ್ರಾಮಾಂತರವೂ ಬಿಜೆಪಿ ಕೈಯಲ್ಲಿವೆ. 2014ರಿಂದ 2019ರವರೆಗೆ ಇದು ಪೂರ್ತಿ ಉಲ್ಟಾ ಇತ್ತು. ಎಸ್.ಪಿ. ಮುದ್ದಹನುಮೇಗೌಡ, ಕೆ.ಎಚ್. ಮುನಿಯಪ್ಪ, ವೀರಪ್ಪ ಮೊಯಿಲಿ, ಮೂವರೂ ಕಾಂಗ್ರೆಸ್, ಮೂವರೂ ಎಡಗಡೆ. ರಾಜ್ಯದಲ್ಲಿ ಆಗ ಗೆದ್ದಿದ್ದ 9 ಕಾಂಗ್ರೆಸ್ಸಿಗರಲ್ಲಿ 3 ಜನ ಇವರೇ.

‘ವಿರೋಧ ಪಕ್ಷದ ಎಂಪಿ ಇದ್ದರೆ ಏನೂ ಆಗಲ್ಲ’ ಎನ್ನುವ ಮಾತು ಪ್ರತಿ ಚುನಾವಣೆಯಲ್ಲೂ ಕಿವಿಗೆ ಬೀಳುತ್ತದೆ. ಹೊಸ ರೈಲು, ಹೊಸ ಕಾರ್ಖಾನೆ ತರುವ ವಿಷಯಕ್ಕೆ ಅದು ಬಹುಮಟ್ಟಿಗೆ ನಿಜ. ಸಂಸದರ ನಿಧಿಗೆ ನಿಜವಲ್ಲ: ವರ್ಷಕ್ಕೆ 5 ಕೋಟಿ ರೂಪಾಯಿ, ಯಾವ ಪಕ್ಷವಾದರೂ ಅಷ್ಟೇ. ಸಂಸದರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಪ್ರಶ್ನೆ ಕೇಳುವ ವಿಷಯಕ್ಕಂತೂ ಆ ಮಾತು ತಿರುಗುಮುರುಗು. ಸೋಮಣ್ಣನವರು ರೈಲ್ವೆ ರಾಜ್ಯ ಸಚಿವರು. ಸಚಿವರಾದವರು ಉತ್ತರ ಕೊಡಬೇಕೇ ಹೊರತು ಪ್ರಶ್ನೆ ಹಾಕುವಂತಿಲ್ಲ. ರಾಯದುರ್ಗ–ತುಮಕೂರು ರೈಲು ಮಾರ್ಗದ ಲೆಕ್ಕ ಲೋಕಸಭೆಯ ಕಡತಕ್ಕೆ ಬರಬೇಕಾದರೆ ಬೇರೆ ಕ್ಷೇತ್ರದವರೇ ಕೇಳಬೇಕು.

ನಾಳೆ ಬೆಳಿಗ್ಗೆ 11ಕ್ಕೆ ಪ್ರಶ್ನೋತ್ತರ ವೇಳೆಯಲ್ಲಿ ಬರುವ ಪ್ರಶ್ನೆಗಳು ನಿನ್ನೆ ಮೊನ್ನೆ ಹುಟ್ಟಿದವಲ್ಲ. ನೋಟಿಸ್ ಕೊಟ್ಟ ದಿನ, ಉತ್ತರದ ದಿನ ಎರಡನ್ನೂ ಬಿಟ್ಟು ಮಧ್ಯೆ ಕನಿಷ್ಠ 15 ದಿನ ಇರಬೇಕು. ಸಚಿವಾಲಯಗಳನ್ನು ಐದು ಗುಂಪು ಮಾಡಿ ವಾರದ ಒಂದೊಂದು ದಿನಕ್ಕೆ ಹಂಚಿರುತ್ತಾರೆ. ಆ ಪಟ್ಟಿ ಕೈಗೆ ಸಿಕ್ಕ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳದ ಸಂಸದರ ಕಚೇರಿ ಮೊದಲ ವಾರವನ್ನು ಕಳೆದುಕೊಂಡಂತೆಯೇ. ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದವು, 20; ಚುಕ್ಕೆ ಗುರುತಿಲ್ಲದವು 230. ಯಾರದ್ದು ಮೊದಲು ಎನ್ನುವುದು ಲಾಟರಿ. ಚುಕ್ಕೆಯ ಪಟ್ಟಿಯಲ್ಲಿ ಒಬ್ಬರಿಗೆ ದಿನಕ್ಕೆ ಒಂದೇ. ಅದರಲ್ಲೂ 20ನೇ ನಂಬರು ಬಿದ್ದರೆ ಆಸೆ ಬಿಡಬೇಕು. ಒಂದು ಗಂಟೆಯಲ್ಲಿ ಬಾಯಿಮಾತಿನ ಉತ್ತರ ಸಿಗುವುದು ಮೊದಲ ಕೆಲವಕ್ಕೆ ಮಾತ್ರ.

ಹೊಸಬರು ಚುಕ್ಕೆಯ ಹಿಂದೆ ಬೀಳುತ್ತಾರೆ, ಟಿವಿಯಲ್ಲಿ ಕಾಣುತ್ತದೆ ಅಂತ. ಪಳಗಿದವರು ಚುಕ್ಕೆ ಇಲ್ಲದ್ದನ್ನು ನೆಚ್ಚುತ್ತಾರೆ. ಅಲ್ಲಿ ಉತ್ತರ ಲಿಖಿತ. ಅಂಕಿಅಂಶ ಕೋಷ್ಟಕ ಸಮೇತ ಬರುತ್ತದೆ, ಆಮೇಲೆ ಅಧಿಕಾರಿ ‘ಹಾಗೆ ಹೇಳಿರಲಿಲ್ಲ’ ಎನ್ನಲಾಗದು.

ಬರೆಯುವುದರಲ್ಲೇ ಹೆಚ್ಚು ಎಡವುತ್ತಾರೆ. ‘ರಾಯದುರ್ಗ–ತುಮಕೂರು ರೈಲು ಮಾರ್ಗ ವಿಳಂಬವಾಗಿ ಜನ ಪರದಾಡುತ್ತಿರುವುದು ಸರ್ಕಾರದ ನಿರ್ಲಕ್ಷ್ಯವಲ್ಲವೇ?’ ಅಂತ ಕೊಟ್ಟರೆ ಲೋಕಸಭಾ ಸಚಿವಾಲಯದ ಪ್ರಶ್ನೆ ಶಾಖೆಯಲ್ಲೇ ಸಾಯುತ್ತದೆ. ವಾದ, ವ್ಯಂಗ್ಯ, ಆರೋಪ, ಅಭಿಪ್ರಾಯ ಕೇಳುವುದು, ಯಾವುದೂ ಲೋಕಸಭೆಯ ನಡಾವಳಿ ನಿಯಮ 41ಕ್ಕೆ ಒಗ್ಗುವುದಿಲ್ಲ. 150 ಪದ ದಾಟಬಾರದು. ಅದನ್ನೇ ಒಡೆದು ಕೇಳಬೇಕು: ಒಟ್ಟು ಉದ್ದ ಎಷ್ಟು, ಮುಗಿದದ್ದು ಎಷ್ಟು ಕಿಲೋಮೀಟರ್, ಕಳೆದ ಐದು ವರ್ಷ, ವರ್ಷವಾರು, ಬಿಡುಗಡೆಯಾದದ್ದೆಷ್ಟು, ಖರ್ಚಾದದ್ದೆಷ್ಟು, ತಾಲ್ಲೂಕುವಾರು ಎಷ್ಟು ಎಕರೆ ಭೂಮಿ ರೈಲ್ವೆಗೆ ಹಸ್ತಾಂತರವಾಗಿದೆ, ಉಳಿದದ್ದಕ್ಕೆ ಕಾರಣವೇನು, ಗಡುವು ಯಾವುದು. ‘ವರ್ಷವಾರು’, ‘ತಾಲ್ಲೂಕುವಾರು’ ಈ ಎರಡು ಪದ ಬಿಟ್ಟರೆ ಒಂದೇ ಒಂದು ಒಟ್ಟು ಮೊತ್ತ ಬಂದು ಕೂರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ಗುಂಡಿ: ಭೂಸ್ವಾಧೀನ ಮಾಡಿಕೊಡುವುದು ರಾಜ್ಯ. ಬರೀ ಭೂಮಿಯ ಬಗ್ಗೆ ಕೇಳಿದರೆ ‘ರಾಜ್ಯ ಸರ್ಕಾರಕ್ಕೆ ಸಂಬಂಧಿಸಿದ್ದು’ ಎಂಬ ಒಂದು ಸಾಲಿನಲ್ಲಿ ಕೈ ತೊಳೆದುಕೊಳ್ಳುತ್ತಾರೆ. ‘ರೈಲ್ವೆಗೆ ಹಸ್ತಾಂತರವಾದ’ ಭೂಮಿ ಅಂದರೆ ತಪ್ಪಿಸಿಕೊಳ್ಳುವುದು ಕಷ್ಟ.

‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು’ ಎಂಬ ಉತ್ತರ ನೋಡಿ ಬೇಸರಪಟ್ಟು ಕಾಗದ ಬದಿಗಿಡುವವರೇ ಹೆಚ್ಚು. ಅದು ಸೋಲಲ್ಲ. ಆ ವಾಕ್ಯ ಬಂದ ಕ್ಷಣ ಅದು ಭರವಸೆ ಎಂದು ದಾಖಲಾಗುತ್ತದೆ, ಮೂರು ತಿಂಗಳಲ್ಲಿ ಈಡೇರಬೇಕು, ಇಲ್ಲದಿದ್ದರೆ ಸಚಿವಾಲಯ ಸರ್ಕಾರಿ ಭರವಸೆಗಳ ಸಮಿತಿಗೆ ಉತ್ತರ ಹೇಳಬೇಕು. ಬೆನ್ನು ಹತ್ತುವ ಪಿಎ ಒಬ್ಬ ಇದ್ದರೆ ಸಾಕು.

ಗದ್ದಲದ ವಿಷಯ. ಬೆಳಿಗ್ಗೆ 11ಕ್ಕೇ ಸ್ಪೀಕರ್ ಪೀಠದ ಮುಂದಿನ ‘ಬಾವಿ’ಗಿಳಿದು ಸದನ ಮುಂದೂಡಿದರೆ ಸಚಿವರಿಗೆ ಅದೊಂದು ರಜೆ. ಚುಕ್ಕೆ ಪ್ರಶ್ನೆಯ ಉತ್ತರ ಕಾಗದದಲ್ಲಿ ಬರುತ್ತದೆ, ಆದರೆ ಕೇಳಿದವರಿಗೆ ಸಿಗಬೇಕಾದ ಎರಡು ಉಪಪ್ರಶ್ನೆ ಹೋದಂತೆ. ಸಚಿವರು ತಡವರಿಸುವುದೇ ಆ ಉಪಪ್ರಶ್ನೆಗಳಲ್ಲಿ. ಪ್ರತಿಭಟನೆಗೆ 12 ಗಂಟೆಯ ನಂತರ ದಿನವಿಡೀ ಇದೆ; ಆ ಒಂದು ಗಂಟೆಯನ್ನು ವಿರೋಧ ಪಕ್ಷ ತಾನೇ ಸುಟ್ಟುಕೊಳ್ಳುವುದು ಇಂದಿಗೂ ಅರ್ಥವಾಗದ ಸಂಗತಿ. ಇನ್ನೂ ಮುಂದೆ ಹೋದರೆ ಅಮಾನತು. 2023ರ ಡಿಸೆಂಬರಿನಲ್ಲಿ ಎರಡೂ ಸದನ ಸೇರಿ 146 ಜನರನ್ನು ಹೊರಗಿಟ್ಟರು, ಕುಣಿಗಲ್ ಜನರ ಆಗಿನ ಸಂಸದ ಡಿ.ಕೆ. ಸುರೇಶ್ ಕೂಡ ಅದರಲ್ಲಿದ್ದರು. ಅಮಾನತಾದವರಿಗೆ ಸಮಿತಿ ಸಭೆಗೂ ಪ್ರವೇಶವಿಲ್ಲ, ನೋಟಿಸೂ ನಡೆಯುವುದಿಲ್ಲ.

12ಕ್ಕೆ ತುರ್ತು ವಿಷಯ ಎತ್ತುವ ಶೂನ್ಯವೇಳೆಯಲ್ಲಿ ಮಾತಾಡಿದ್ದಕ್ಕೆ ಸಚಿವರು ಉತ್ತರಿಸಲೇಬೇಕೆಂದಿಲ್ಲ. ವಾಟ್ಸಾಪಿಗೆ ವಿಡಿಯೋ ಸಿಗುತ್ತದೆ, ಅಷ್ಟೇ. ಕಾಗದ ಬೇಕಿದ್ದವರು ವಿಷಯವನ್ನು ನಿಯಮ 377ರಡಿ ಬರೆದು ಕೊಡುತ್ತಾರೆ, ಸಚಿವಾಲಯದಿಂದ ಲಿಖಿತ ಉತ್ತರ ಬರುತ್ತದೆ. ಶುಕ್ರವಾರ ಮಧ್ಯಾಹ್ನ ಸಚಿವರಲ್ಲದ ಸದಸ್ಯರು ತರುವ ಖಾಸಗಿ ವಿಧೇಯಕಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ: ಸ್ವಾತಂತ್ರ್ಯ ಬಂದಾಗಿನಿಂದ 14 ಕಾನೂನಾಗಿವೆ, ಕೊನೆಯದು 1970ರಲ್ಲಿ.

ವಿರೋಧ ಪಕ್ಷದ ಸಂಸದ ಬೆಳೆಯುವ ಜಾಗ ಸಮಿತಿ. ಬಾಗಿಲು ಮುಚ್ಚಿರುತ್ತದೆ, ಕ್ಯಾಮೆರಾ ಇಲ್ಲ, ಹೀಗೇ ಮತ ಹಾಕಿ ಎನ್ನುವ ಪಕ್ಷದ ವಿಪ್ ಇಲ್ಲ, ಕಾರ್ಯದರ್ಶಿ ಮಟ್ಟದ ಅಧಿಕಾರಿ ಎದುರು ಕೂತಿರುತ್ತಾರೆ. ಮೊಯಿಲಿಯವರು ಚಿಕ್ಕಬಳ್ಳಾಪುರದ ಸಂಸದರಾಗಿ ಎಡಗಡೆ ಕೂತಿದ್ದಾಗಲೇ ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದರು. ನೋಟು ರದ್ದತಿಯಾದ ಮೇಲೆ 2017ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಉರ್ಜಿತ್ ಪಟೇಲ್ ಬಂದು ಉತ್ತರ ಹೇಳಿದ್ದು ಆ ಸಮಿತಿಯ ಮುಂದೆ. ಮಿತಿಯೂ ಇದೆ. ಅಂಥ ಸಮಿತಿಯಲ್ಲಿ 31 ಜನ, ಲೋಕಸಭೆಯ 21, ರಾಜ್ಯಸಭೆಯ 10. ಅಧ್ಯಕ್ಷರು ಯಾರೇ ಆಗಲಿ ಬಹುಮತ ಆಳುವ ಕಡೆಯದ್ದೇ. ವರದಿ ಒಪ್ಪದವರು ಭಿನ್ನಾಭಿಪ್ರಾಯದ ಟಿಪ್ಪಣಿ ಬರೆದು ಸೇರಿಸಬಹುದು.

ತುಮಕೂರಿನ ಎಸ್. ಮಲ್ಲಿಕಾರ್ಜುನಯ್ಯ ಇನ್ನೂ ಮೇಲೆ ಹೋದರು. 1991ರಲ್ಲಿ ಕರ್ನಾಟಕದಿಂದ ಬಿಜೆಪಿ ಮೊದಲ ಸಲ ಲೋಕಸಭೆಗೆ ಗೆದ್ದ ನಾಲ್ವರಲ್ಲಿ ಒಬ್ಬರು. ನರಸಿಂಹ ರಾವ್ ಸರ್ಕಾರದ ಕಾಲದಲ್ಲಿ, ವಿರೋಧ ಪಕ್ಷದಲ್ಲಿದ್ದುಕೊಂಡೇ 1996ರವರೆಗೆ ಲೋಕಸಭೆಯ ಉಪಸಭಾಧ್ಯಕ್ಷರಾಗಿದ್ದರು (ಡೆಪ್ಯುಟಿ ಸ್ಪೀಕರ್). ಸಂವಿಧಾನದ 93ನೇ ವಿಧಿ ಹೇಳುವ ಆ ಕುರ್ಚಿ 2019ರಿಂದ ಖಾಲಿ ಬಿದ್ದಿದೆ. ಅವರ ಎದುರಾಳಿ ಜಿ.ಎಸ್. ಬಸವರಾಜ್ ಐದು ಸಲ ಗೆದ್ದರು. ಅದರಲ್ಲಿ ಮೂರು ಅವಧಿ ವಿರೋಧ ಪಕ್ಷದಲ್ಲಿ: 1989, 1999ರಲ್ಲಿ ಕಾಂಗ್ರೆಸ್ಸಿನಿಂದ, 2009ರಲ್ಲಿ ಬಿಜೆಪಿಯಿಂದ. ಪಕ್ಷ ಬದಲಾದರೂ ಕೂರುವ ದಿಕ್ಕು ಬದಲಾಗಲಿಲ್ಲ!

ನಾಳೆಯ ಉತ್ತರಗಳು ಮಧ್ಯಾಹ್ನದ ಹೊತ್ತಿಗೆ ಸಂಸತ್ತಿನ ಜಾಲತಾಣದಲ್ಲಿ ಇರುತ್ತವೆ. ನಮ್ಮ ಸಂಸದರ ಹೆಸರು ಹಾಕಿ ಹುಡುಕಿದರೆ ಇಲ್ಲಿನದ್ದೆಲ್ಲ ಸಿಗುವುದಿಲ್ಲ. ಜಿಲ್ಲೆಯ ಹೆಸರು ಹಾಕಿ, ‘ತುಮಕೂರು’, ‘ತುಮ್ಕೂರ್’ ಎರಡೂ ಕಾಗುಣಿತದಲ್ಲಿ ಹುಡುಕಬೇಕು. ಹಳೆಯ ಉತ್ತರಗಳಲ್ಲಿ ಎರಡನೆಯದೇ ಇದೆ.