ಫಾಫ್ಸಾ ತುಂಬುವಾಗ ಜನ ಎಡವುವ ಜಾಗಗಳು

ಅಮೆರಿಕದಲ್ಲಿ ಹೈಸ್ಕೂಲು ಮುಗಿಸುತ್ತಿರುವ ಮಕ್ಕಳು ಕಾಲೇಜಿಗೆ ಕೇಂದ್ರ ಸರ್ಕಾರದ ನೆರವು ಬೇಕೆಂದರೆ ಫಾಫ್ಸಾ ಅರ್ಜಿ ಹಾಕಲೇಬೇಕು. ಅರ್ಜಿಗೆ ಶುಲ್ಕವಿಲ್ಲ. ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ.

ಮೊದಲು ಅರ್ಜಿಯ ಜಾಲತಾಣದಲ್ಲಿ ಖಾತೆಗಳು. ವಿದ್ಯಾರ್ಥಿಗೊಂದು, ಅಪ್ಪ ಅಥವಾ ಅಮ್ಮನಿಗೊಂದು. ಎರಡಕ್ಕೂ ಒಂದೇ ಇಮೇಲ್ ನಡೆಯದು. ಶಾಲೆಯ ಇಮೇಲ್ ಕೊಡಬೇಡಿ, ಶಾಲೆ ಬಿಟ್ಟ ಮೇಲೆ ಅದು ಕೈತಪ್ಪಬಹುದು. ಹೆಸರು ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇದ್ದಂತೆಯೇ ಇರಲಿ. ಇನಿಷಿಯಲ್ಲನ್ನು ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಬಿಡಿಸಿ ಬರೆಯುವ ನಮ್ಮ ಜನಕ್ಕೆ ಈ ಮಾತು ಎರಡು ಸಲ ಹೇಳಬೇಕು.

ಆಮೇಲೆ ಒಪ್ಪಿಗೆ. ತೆರಿಗೆ ವಿವರ ಪಡೆಯಲು ಪೋಷಕರು ಒಪ್ಪಿಗೆ ಕೊಡದಿದ್ದರೆ, ಮಿಕ್ಕಿದ್ದೆಲ್ಲ ಸರಿಯಿದ್ದರೂ ಕೇಂದ್ರದ ನೆರವು ಸಿಗುವುದಿಲ್ಲ. ತೆರಿಗೆ ಸಲ್ಲಿಸದವರಿಗೂ ಇದು ಅನ್ವಯ. ಪೋಷಕರು ಅಮೆರಿಕದ ಪೌರರಾಗಿರಬೇಕೆಂದೇನಿಲ್ಲ. ಆದರೆ ವಿದ್ಯಾರ್ಥಿ ಪೌರನೋ, ಗ್ರೀನ್ ಕಾರ್ಡಿನವನೋ, ನಿರಾಶ್ರಿತರಂಥ ಅರ್ಹ ವರ್ಗದವನೋ ಆಗಿರಬೇಕು. ಎಚ್-4 ವೀಸಾದವರಿಗೆ, ಅಂದರೆ ಎಚ್-1ಬಿಯಂಥ ಕೆಲಸದ ವೀಸಾದಲ್ಲಿರುವವರ ಮಕ್ಕಳಿಗೆ, ಈ ಹಣವಿಲ್ಲ.

ಲೆಕ್ಕಕ್ಕೆ ಬರುವುದು ಹಳೆಯ ಆದಾಯ: 2026-27ರ ಅರ್ಜಿಗೆ 2024ರದ್ದು. ಆಮೇಲೆ ಕೆಲಸ ಹೋಗಿದ್ದರೆ ಫಾರ್ಮಿನಲ್ಲಿ ಅಂಕಿ ತಿದ್ದಬೇಡಿ. ಅರ್ಜಿ ಸಲ್ಲಿಸಿ, ಕೆಲಸ ಹೋದ ಪತ್ರದೊಂದಿಗೆ ಕಾಲೇಜಿನ ಹಣಕಾಸು ನೆರವಿನ ಕಚೇರಿಗೆ ಮರುಪರಿಶೀಲನೆ ಕೇಳಿ. ನಿವೃತ್ತಿ ಖಾತೆಯ ಉಳಿತಾಯ, ವಾಸದ ಮನೆ ಆಸ್ತಿಪಟ್ಟಿಗೆ ಸೇರವು. ಸೇರಿಸಿ ನೆರವು ಕಳೆದುಕೊಳ್ಳುವವರಿದ್ದಾರೆ.

ಎಷ್ಟು ನೆರವು ಸಿಗುತ್ತದೆಂದು ತಿಳಿಸುವ ಕಾಲೇಜಿನ ಪತ್ರ ಬಂದಾಗ ಒಟ್ಟು ಮೊತ್ತ ನೋಡಿ ಹಿಗ್ಗಬೇಡಿ. ಕೇಂದ್ರ ಸರ್ಕಾರದ ಸಹಾಯಧನವಾದ ಪೆಲ್ ಗ್ರ್ಯಾಂಟ್ ತೀರಿಸಬೇಕಾದ್ದಲ್ಲ. ಪಕ್ಕದಲ್ಲೇ ಇರುವ 5,500 ಡಾಲರ್, ಕೇಂದ್ರ ಸರ್ಕಾರವೇ ಕೊಡುವ ನೇರ ಸಾಲಕ್ಕೆ ಮೊದಲ ವರ್ಷದ ಮಾಮೂಲಿ ಮಿತಿ, ಸಾಲವೇ. ಅದರಲ್ಲಿ ಹೆಚ್ಚೆಂದರೆ 3,500ಕ್ಕೆ ಮಾತ್ರ ಓದುವಾಗಿನ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ.