ಚದರಡಿ ಲೆಕ್ಕದಲ್ಲಿ ಡ್ರಾಯರ್ ಕಾಣುವುದಿಲ್ಲ

ಫೋನ್ ಮಾಡುವ ಹೆಚ್ಚಿನವರ ಮೊದಲ ಪ್ರಶ್ನೆ ಒಂದೇ. "ವಾರ್ಡ್‌ರೋಬ್ ಚದರಡಿಗೆ ಎಷ್ಟು?" ನಾನು ರೇಟ್ ಹೇಳುವುದಿಲ್ಲ. "ಒಳಗೆ ಏನೇನು ಬೇಕು ಹೇಳಿ ಸರ್, ಲೆಕ್ಕ ಹಾಕಿ ಬರೆದು ಕೊಡ್ತೀನಿ" ಅನ್ನುತ್ತೇನೆ. ಕೆಲವರಿಗೆ ಇದು ನುಣುಚಿಕೊಳ್ಳುವ ಮಾತು ಅನ್ನಿಸುತ್ತದೆ. ಆದರೆ ಒಬ್ಬನೇ ವರ್ಕ್‌ಶಾಪ್ ನಡೆಸುವ ಬಡಗಿಗೆ ಚದರಡಿ ರೇಟಿನಷ್ಟು ಕೈ ಕಚ್ಚುವ ಲೆಕ್ಕ ಇನ್ನೊಂದಿಲ್ಲ. ಹೊಸದಾಗಿ ಸ್ವಂತ ಕೆಲಸ ಶುರು ಮಾಡುತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕು ಅನ್ನಿಸಿತು.

ಚದರಡಿ ಅಂದರೆ ಮುಂಭಾಗದ ಎತ್ತರ ಗುಣಿಸು ಅಗಲ, ಅಷ್ಟೇ. 7 ಅಡಿ ಎತ್ತರ, 6 ಅಡಿ ಅಗಲದ ಬೀರು 42 ಚದರಡಿ. ಒಳಗೆ ಹ್ಯಾಂಗರ್ ರಾಡ್ ಮತ್ತು ಮೂರು ಶೆಲ್ಫ್ ಮಾತ್ರ ಇದ್ದರೂ 42. ಅದೇ ಬೀರುವಿನೊಳಗೆ ನಾಲ್ಕು ಡ್ರಾಯರ್, ಒಂದು ಲಾಕರ್, ಸೀರೆಗೆ ಬೇರೆ ಖಾನೆ ಸೇರಿದರೂ 42. ದೊಡ್ಡ ಕಂಪನಿಗಳಿಗೆ ಇದು ನಡೆಯುತ್ತದೆ. ತಿಂಗಳಿಗೆ ಹತ್ತಾರು ಮನೆ ಮಾಡುವಾಗ ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ಬರುತ್ತದೆ. ನಮಗೆ ಒಂದು ಸಲಕ್ಕೆ ಒಂದೇ ಮನೆ. ಹೋದರೆ ಹೋಯಿತು.

ಡ್ರಾಯರ್ ಅನ್ನೇ ಹತ್ತಿರದಿಂದ ನೋಡಿ. ಎರಡು ಪಕ್ಕ, ಮುಂದೆ, ಹಿಂದೆ, ತಳ, ಮುಂದಿನ ತುಂಡಿನ ಮೇಲೆ ಹೊರಗೆ ಕಾಣುವ ಫೇಸಿಯಾ ಹಲಗೆ: ಆರು ತುಂಡು. ನಾಲ್ಕು ಡ್ರಾಯರ್ ಅಂದರೆ 24 ತುಂಡು. ಪ್ರತಿಯೊಂದನ್ನೂ ಕೊಯ್ಯಬೇಕು, ಮೈಕಾ (ಲ್ಯಾಮಿನೇಟ್ ಹಾಳೆ) ಅಂಟಿಸಬೇಕು, ಕಾಣುವ ಅಂಚಿಗೆ ಎಡ್ಜ್ ಬ್ಯಾಂಡ್ ಹಾಕಬೇಕು. ಅಳತೆಯಂತೂ ಕೂದಲೆಳೆಯದು. ಡ್ರಾಯರ್ ಜಾರುವ ಟೆಲಿಸ್ಕೋಪಿಕ್ ಚಾನೆಲ್ ಒಂದು ಪಕ್ಕಕ್ಕೆ ಅರ್ಧ ಇಂಚು ಜಾಗ ತಿನ್ನುತ್ತದೆ. ಖಾನೆಯ ಒಳಗಿನ ಅಗಲ 450 ಮಿ.ಮೀ. ಇದ್ದರೆ, ಎರಡೂ ಪಕ್ಕದ ಚಾನೆಲ್‌ಗೆ 26 ಕಳೆದು ಡ್ರಾಯರ್ ಬಾಕ್ಸ್‌ನ ಹೊರ ಅಗಲ 424. ಪಕ್ಕಕ್ಕೆ 12 ಮಿ.ಮೀ. ಪ್ಲೈ ಬಳಸುತ್ತೀರಿ ಅಂತಿಟ್ಟುಕೊಳ್ಳಿ. ಹಾಗಾದರೆ ಎರಡು ಪಕ್ಕಗಳ ನಡುವೆ ಕೂರುವ ತುಂಡು 400 ತಾನೇ? ಅಲ್ಲ. ಎರಡೂ ಮುಖಕ್ಕೆ 0.8 ಮಿ.ಮೀ. ಮೈಕಾ ಬಂದರೆ ಆ ಪ್ಲೈ 13.6 ಆಗುತ್ತದೆ. ನಡುವಿನ ತುಂಡು 397ರ ಹತ್ತಿರ ಇರಬೇಕು. 400ಕ್ಕೆ ಕೊಯ್ದರೆ ಡ್ರಾಯರ್ ಬಿಗಿಯಾಗಿ, ಎಳೆದಾಗಲೆಲ್ಲ ಕಿರುಗುಟ್ಟುತ್ತದೆ. ಇನ್ನು 12 ಅಂತ ಅಚ್ಚು ಹಾಕಿದ ಪ್ಲೈ ನಿಜಕ್ಕೂ 12 ಇರುತ್ತದೆ ಅನ್ನುವ ಭರವಸೆಯೂ ಬೇಡ. ವರ್ನಿಯರ್ ಕ್ಯಾಲಿಪರ್ ಇಟ್ಟು ದಪ್ಪ ನೋಡಿಯೇ ಗೆರೆ ಎಳೆಯಬೇಕು. ಈ ಕೆಲಸಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಆ ಹೊತ್ತು ಚದರಡಿಯಲ್ಲಿ ಎಲ್ಲೂ ಕಾಣುವುದಿಲ್ಲ.

ಹಾಗಾಗಿ ನಾನು ಮೊದಲು ಮಾಡುವುದು ಕಟಿಂಗ್ ಲಿಸ್ಟ್. ಪ್ರತಿ ತುಂಡಿನ ಉದ್ದ, ಅಗಲ, ದಪ್ಪ. ಅದನ್ನು 8×4 ಅಡಿಯ ಪ್ಲೈ ಶೀಟಿನ ಚಿತ್ರದ ಮೇಲೆ ಜೋಡಿಸಿ ನೋಡುತ್ತೇನೆ. ಬ್ಲೇಡ್ ಒಂದೊಂದು ಕೊಯ್ತಕ್ಕೂ ಸುಮಾರು 3 ಮಿ.ಮೀ. ಪುಡಿ ಮಾಡುತ್ತದೆ, ಅದನ್ನೂ ಬಿಟ್ಟು ಜೋಡಿಸಬೇಕು. ಆಗ ಎಷ್ಟು ಶೀಟ್ ಬೇಕು ಅನ್ನುವುದು ಊಹೆಯಾಗಿ ಉಳಿಯುವುದಿಲ್ಲ. ಹಿಂಜ್‌ಗೂ ಅಷ್ಟೇ. ಏಳಡಿ ಬಾಗಿಲಿಗೆ ಎರಡು ಹಿಂಜ್ ಸಾಲದು, ನಾಲ್ಕೈದು ಬೇಕು. ನಾಲ್ಕು ಬಾಗಿಲಿದ್ದರೆ ಅದೇ ಒಂದು ದೊಡ್ಡ ಮೊತ್ತ.

ಸಾಗುವಾನಿ ಕೆಲಸದಲ್ಲಿ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ಸಾ ಮಿಲ್‌ನಲ್ಲಿ ಮರ ಕೊಳ್ಳುವುದು ಘನ ಅಡಿಗೆ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸಬೇಕು. 7 ಅಡಿ ಉದ್ದ, 12 ಇಂಚು ಅಗಲ, 2 ಇಂಚು ದಪ್ಪದ ಹಲಗೆ ಸುಮಾರು 1.17 ಘನ ಅಡಿ. ದುಡ್ಡು ಕೊಡುವುದು ಅಷ್ಟಕ್ಕೂ. ಆದರೆ ಬಾಗಿಲಿಗೆ ಹೋಗುವುದು ಅಷ್ಟಲ್ಲ. ಅಂಚಿನ ಬಿಳಿ ಭಾಗಕ್ಕೆ ಹುಳ ಬೇಗ ಬೀಳುತ್ತದೆ, ತೆಗೆಯಲೇಬೇಕು. ಗಂಟು, ಬಿರುಕು ಬಿಟ್ಟು ಕೊಯ್ಯಬೇಕು. ಹತ್ತರಿ ಹಿಡಿದು ನುಣುಪು ಮಾಡಿದರೆ ದಪ್ಪವೂ ಇಳಿಯುತ್ತದೆ. ಉಳಿದದ್ದರ ಮೇಲೆ ಲೆಕ್ಕ ಹಾಕಿದರೆ ಕೊಂಡ ಮರದ ದುಡ್ಡು ಯಾರು ಕೊಡುತ್ತಾರೆ? ಕೊಂಡ ಮರದ ಮೇಲೆಯೇ ಹಾಕಬೇಕು. ಗಿರಾಕಿಗೆ ತೆಗೆದ ಬಿಳಿ ಪಟ್ಟಿಯನ್ನು ಕೈಗೆ ಕೊಟ್ಟು ತೋರಿಸುತ್ತೇನೆ. ನೋಡಿದ ಮೇಲೆ ಚೌಕಾಸಿ ಕಡಿಮೆ.

ಒಬ್ಬರೇ ಇರುವಾಗ ಇನ್ನೊಂದು ದೊಡ್ಡ ಖರ್ಚು ಕಣ್ಣಿಗೇ ಬೀಳುವುದಿಲ್ಲ. ಅಳತೆ ತೆಗೆಯಲು ಮನೆಗೆ ಹೋಗುವುದು, ಮೈಕಾ ಆರಿಸಲು ಗಿರಾಕಿ ಜೊತೆ ಅಂಗಡಿಯಲ್ಲಿ ಕೂರುವುದು, ಫೋನು, ಸಾಮಾನು ತರುವುದು. ಈ ಹೊತ್ತಿನಲ್ಲಿ ವರ್ಕ್‌ಶಾಪ್‌ನಲ್ಲಿ ಮೆಷಿನ್ ನಿಂತಿರುತ್ತದೆ. ಇದಕ್ಕೂ ಕೂಲಿ ಹಾಕಿಕೊಳ್ಳಿ, ಮುಜುಗರ ಬೇಡ. 18 ಮಿ.ಮೀ. ಪ್ಲೈ ಒಂದು ಶೀಟು 30 ಕೆ.ಜಿ.ಗೂ ಜಾಸ್ತಿ ತೂಗುತ್ತದೆ. ಅದನ್ನು ಒಬ್ಬರೇ ಎತ್ತಿ ಟೇಬಲ್ ಸಾ ಮೇಲೆ ತಳ್ಳುವ ಸಾಹಸವೂ ಬೇಡ. ನಡು ಹೋಗುತ್ತದೆ, ಬೆರಳೂ ಹೋಗಬಹುದು. ಇಡೀ ಶೀಟು ಕೊಯ್ಯುವ ಪ್ಯಾನೆಲ್ ಸಾ ಮೆಷಿನ್ ಇರುವ ಕಡೆ ದುಡ್ಡು ಕೊಟ್ಟು ಕೊಯ್ಸಿಕೊಂಡು ಬನ್ನಿ. ಫಿಟಿಂಗ್ ದಿನ ಒಬ್ಬ ಸಹಾಯಕನನ್ನು ಕರೆಯಿರಿ. ಆ ಎರಡೂ ಖರ್ಚು ಎಸ್ಟಿಮೇಟಿನಲ್ಲಿ ಬೇರೆ ಬೇರೆ ಸಾಲಾಗಿ ಇರಲಿ.

ಹೀಗೆ ಬರೆದ ಕಾಗದ ಕೊಟ್ಟಾಗ ಮಾತುಕತೆಯ ರೀತಿಯೇ ಬದಲಾಗುತ್ತದೆ. "ಅಡಿಗೆ ನೂರು ಕಡಿಮೆ ಮಾಡಿ" ಅನ್ನುವ ಬದಲು "ಎರಡು ಡ್ರಾಯರ್ ಬೇಡ ಬಿಡಿ, ಶೆಲ್ಫ್ ಸಾಕು" ಅನ್ನುತ್ತಾರೆ. ನನ್ನ ಕೂಲಿ ಕುಗ್ಗುವುದಿಲ್ಲ, ಅವರ ಖರ್ಚು ಇಳಿಯುತ್ತದೆ. ಕಾಗದ ನೋಡಿ ಬೇರೆ ಕಡೆ ಹೋಗುವವರೂ ಇದ್ದಾರೆ, ಹೋಗಲಿ. ಒಪ್ಪಿದವರಿಂದ ಪ್ಲೈ, ಹಾರ್ಡ್‌ವೇರ್‌ಗೆ ಬೇಕಾದಷ್ಟು ಅಡ್ವಾನ್ಸ್ ತೆಗೆದುಕೊಂಡೇ ಸಾಮಾನು ತರುತ್ತೇನೆ. ಅದರ ಮೊತ್ತವೂ ಅದೇ ಕಾಗದದಲ್ಲಿ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಕೊನೆಯ ಸಾಲಿನಲ್ಲಿ ಒಂದು ಮರುಭೇಟಿ ಬರೆಯುತ್ತೇನೆ. ಬಳಸುತ್ತಾ ಬಳಸುತ್ತಾ ಬಾಗಿಲು ಕೊಂಚ ಕದಲಿ ಇಳಿಯುತ್ತದೆ, ಹಿಂಜ್ ಸ್ಕ್ರೂ ತಿರುಗಿಸಿ ಸಂದು ಸರಿ ಮಾಡಬೇಕಾಗುತ್ತದೆ. ಮೊದಲ ಮಳೆಗಾಲ ಮುಗಿದ ಮೇಲೆ ಹೋಗುತ್ತೇನೆ. ಅರ್ಧ ದಿನದ ಕೂಲಿ ಮೊದಲೇ ಸೇರಿರುವುದರಿಂದ ಗಿರಾಕಿ ಸಂಕೋಚವಿಲ್ಲದೆ ಕರೆಯುತ್ತಾರೆ, ನಾನೂ ಬೇಸರವಿಲ್ಲದೆ ಹೋಗುತ್ತೇನೆ.