‘ಎಂಬತ್ತು ಪರ್ಸೆಂಟ್ ಆಗಿದೆಯಂತೆ, ತಗೊಳ್ಳಬಹುದಾ?’

ಡೆಟ್ರಾಯಿಟ್ ಹೊರವಲಯದ ನನ್ನ ಮನೆಯ ಗ್ಯಾರೇಜಿನಲ್ಲಿ ಒಂದು ಹಳೆಯ ಶೆವೆಲ್ ಕಾರು ಇದೆ ಎಂಬ ಸುದ್ದಿ ಕನ್ನಡ ಕೂಟದಲ್ಲಿ ಹಬ್ಬಿದಂದಿನಿಂದ, ಯುಗಾದಿಯ ಊಟದ ಸಾಲಿನಲ್ಲಿ ಹೋಳಿಗೆಗಿಂತ ಮೊದಲು ನನ್ನ ಎಲೆಗೆ ಈ ಪ್ರಶ್ನೆ ಬಂದು ಬೀಳುತ್ತದೆ: ‘ಸಾರ್, ಒಂದು ಮಸಲ್ ಕಾರು ಸಿಕ್ಕಿದೆ, ರೆಸ್ಟೋರೇಶನ್ ಅರ್ಧಕ್ಕೆ ನಿಂತಿದೆ, ಎಂಬತ್ತು ಪರ್ಸೆಂಟ್ ಆಗಿದೆಯಂತೆ, ತಗೊಳ್ಳಬಹುದಾ?’ ತೋರಿಸುವುದು ಒಂದೇ ಫೋಟೊ, ಅದರಲ್ಲಿ ಕಾಣುವುದು ಎಂಜಿನ್ ಮಾತ್ರ. ಇನ್ನು ಮುಂದೆ ಊಟದ ನಡುವೆ ಉತ್ತರಿಸುವುದಿಲ್ಲ. ಇದನ್ನು ಓದಿಕೊಳ್ಳಿ.

ತಿಳಿಯದವರಿಗಾಗಿ ಇಷ್ಟು ಹೇಳುತ್ತೇನೆ. ರೆಸ್ಟೋರೇಶನ್ ಎಂದರೆ ಹಳೆಯ ಕಾರನ್ನು ಬಿಚ್ಚಿ, ಸರಿಪಡಿಸಿ, ಹೊಸದರಂತೆ ಮತ್ತೆ ಜೋಡಿಸುವುದು. 1964ರಲ್ಲಿ ಪಾಂಟಿಯಾಕ್‌ನವರು ಮಧ್ಯಮ ಗಾತ್ರದ ಕಾರಿಗೆ 389 ಘನ ಇಂಚಿನ ದೊಡ್ಡ ಎಂಜಿನ್ ಕೂರಿಸಿ ಜಿಟಿಒ ಎಂದು ಮಾರಿದಲ್ಲಿಂದ, ವಿಮೆಯ ಕಂತೂ ಹೊಗೆಯ ಕಾನೂನೂ ಸೇರಿ 70ರ ದಶಕದ ಆರಂಭದಲ್ಲಿ ಕತ್ತು ಹಿಸುಕುವವರೆಗೆ ಅಮೆರಿಕದಲ್ಲಿ ತಯಾರಾದ, ಸಂಸಾರಸ್ಥನ ಮೈಯಲ್ಲಿ ಪೈಲ್ವಾನನ ಎದೆಯಿರುವ ಕಾರುಗಳಿಗೆ ‘ಮಸಲ್ ಕಾರು’ ಎಂದು ಹೆಸರು. ಶೆವ್ರೊಲೆ ಕಂಪನಿಯ ಕ್ಯಾಮರೊ ಎಂಬ ಚಿಕ್ಕ ಕಾರು ಈ ಗುಂಪಿಗೆ ಸೇರುತ್ತದೆಯೋ ಇಲ್ಲವೋ ಎಂದು ವಾದಿಸುವವರು ಬೇರೆಲ್ಲಾದರೂ ವಾದಿಸಲಿ.

ನನ್ನನ್ನು ಕೆರಳಿಸುವುದು ಆ ‘ಎಂಬತ್ತು ಪರ್ಸೆಂಟ್’. ಯಾವುದರ ಎಂಬತ್ತು? ಹಣದ್ದೋ, ಗಂಟೆಗಳದ್ದೋ, ಮಾರುವವನ ತಾಳ್ಮೆಯದ್ದೋ? ಕಾರು ಬಿಚ್ಚಿದವನು ಮೊದಲು ಕೈ ಹಾಕುವುದು ಖುಷಿ ಕೊಡುವ ಕೆಲಸಕ್ಕೆ: ಎಂಜಿನ್ ಕಟ್ಟಿಸುತ್ತಾನೆ, ಹೊಸ ಚಕ್ರ ತರುತ್ತಾನೆ, ಹೊಳೆಯುವ ವಾಲ್ವ್ ಕವರ್ ಹಾಕಿ ಫೋಟೊ ತೆಗೆಯುತ್ತಾನೆ. ಟಿಂಕರಿಂಗ್, ಪೇಂಟಿಂಗ್, ವೈರಿಂಗ್, ಕ್ರೋಮ್, ಬಾಗಿಲಿನ ಬೀಡಿಂಗ್ ಇವೆಲ್ಲ ಉಳಿಯುತ್ತವೆ, ಹಣ ಖಾಲಿಯಾಗುವುದೂ ಇವಕ್ಕೇ. ನಮ್ಮ ಊರಿನಲ್ಲಿ ಲಿಂಟಲ್ ಮಟ್ಟಕ್ಕೆ ನಿಂತುಹೋದ ಮನೆಯೊಂದು ಮಾರಾಟಕ್ಕೆ ಬಂದರೆ ಇದೇ ಜನ ಪರ್ಸೆಂಟಿನ ಲೆಕ್ಕ ಕೇಳುತ್ತಾರೆಯೆ? ಯಾಕೆ ನಿಂತಿತು, ಖಾತೆ ಯಾರ ಹೆಸರಿನಲ್ಲಿದೆ, ದಾಯಾದಿಗಳ ಕೇಸು ಏನಾದರೂ ಇದೆಯೆ, ಮೇಸ್ತ್ರಿ ಯಾರು ಎಂದು ಮೂರು ತಲೆಮಾರು ಜಾಲಾಡುತ್ತಾರೆ. ಅದೇ ವಸ್ತುವಿಗೆ ನಾಲ್ಕು ಚಕ್ರ ಬಂದೊಡನೆ ಆ ಬುದ್ಧಿಯೆಲ್ಲ ಎಲ್ಲಿಗೆ ಹೋಗುತ್ತದೋ ನಾನರಿಯೆ.

ಮೂರು ವರ್ಷದ ಹಿಂದೆ ನವೆಂಬರಿನಲ್ಲಿ ದಾವಣಗೆರೆಯ ಗೆಳೆಯನೊಬ್ಬ ನನ್ನನ್ನು ಫ್ಲಿಂಟ್ ಆಚೆಯ ಹಳ್ಳಿಗೆ ಕರೆದುಕೊಂಡು ಹೋದ. ಅಲ್ಲೊಂದು ಶೆಡ್ಡು, ಶೆಡ್ಡಿನಲ್ಲಿ ಸ್ಟ್ಯಾಂಡಿನ ಮೇಲೆ ನಿಂತ 1969ರ ಕ್ಯಾಮರೊದ ಬಾಡಿ, ಪಕ್ಕದಲ್ಲಿ ಕಿತ್ತಳೆ ಬಣ್ಣ ಬಳಿದುಕೊಂಡ ಎಂಜಿನ್, ಗೋಡೆಯುದ್ದಕ್ಕೂ ಮೂವತ್ತೊಂದು ರಟ್ಟಿನ ಪೆಟ್ಟಿಗೆಗಳು. ಮಾರುತ್ತಿದ್ದವನು ಬಹಳ ಸಭ್ಯ ಹುಡುಗ. ಇದು ಜ಼ೆಡ್ 28, ಮೂವತ್ನಾಲ್ಕು ಸಾವಿರ ಡಾಲರ್, ಎಂಬತ್ತು ಪರ್ಸೆಂಟ್ ಮುಗಿದಿದೆ ಎಂದ. ಗೆಳೆಯನ ಕಣ್ಣು ಆಗಲೇ ಎಂಜಿನ್ನಿಗೆ ಅಂಟಿಕೊಂಡಿತ್ತು.

ಜ಼ೆಡ್ 28 ಎಂದರೆ ಕ್ಯಾಮರೊದ ರೇಸ್ ಮಾದರಿ, ಸಣ್ಣ ಮಾತಲ್ಲ. ಟ್ರಾನ್ಸ್ ಆ್ಯಮ್ ರೇಸಿನಲ್ಲಿ ಎಂಜಿನ್ 305 ಘನ ಇಂಚು ಮೀರಬಾರದೆಂಬ ನಿಯಮವಿದ್ದುದರಿಂದ ಶೆವ್ರೊಲೆಯವರು 302 ಘನ ಇಂಚಿನ ಎಂಜಿನ್ ಕಟ್ಟಿ ಈ ಮಾದರಿಗೆಂದೇ ಇಟ್ಟರು. 1969ರ ಸಾಲಿನಲ್ಲಿ ಇಂಥವು ಹೊರಬಂದದ್ದು 20,302. ತೊಡಕು ಏನೆಂದರೆ, ಡ್ಯಾಶ್‌ಬೋರ್ಡಿನ ಎಡತುದಿಯ ನಂಬರ್ ಪಟ್ಟಿ ಇದು ಎಂಟು ಸಿಲಿಂಡರಿನ (ವಿ8) ಎರಡು ಬಾಗಿಲಿನ ಕಾರು, 1969ರದು, ಓಹಾಯೊದ ನಾರ್‌ವುಡ್ ಕಾರ್ಖಾನೆಯದು ಎಂದಷ್ಟೇ ಹೇಳುತ್ತದೆ, ಜ಼ೆಡ್ 28 ಹೌದೋ ಅಲ್ಲವೋ ಎಂಬುದನ್ನು ಹೇಳುವುದಿಲ್ಲ. ಹಾಗಾಗಿ ಎಂಜಿನ್ನಿನ ಬಲಗಡೆಯ ಹೆಡ್ಡಿನ (ಸಿಲಿಂಡರುಗಳ ಮೇಲಿನ ಮುಚ್ಚಳದ) ಮುಂದೆ, ಎರಡು ಬೆರಳಗಲದ ಚಪ್ಪಟೆ ಜಾಗದಲ್ಲಿ ಒತ್ತಿರುವ ಅಕ್ಷರಗಳನ್ನು ನೋಡಬೇಕು. 302 ಆಗಿದ್ದರೆ ಕೊನೆಯಲ್ಲಿ ‘ಡಿಜ಼ೆಡ್’ ಎಂದಿರುತ್ತದೆ. ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಎಂಜಿನ್ ಕಟ್ಟಿದ ವರ್ಕ್‌ಶಾಪಿನವರು ಬ್ಲಾಕಿನ ಮೇಲ್ಮೈಯನ್ನು ಸಮ ಮಾಡುವಾಗ ಆ ಜಾಗವನ್ನೂ ಉಜ್ಜಿಹಾಕಿದ್ದರು. ಕನ್ನಡಿಯಂತೆ ಹೊಳೆಯುತ್ತಿತ್ತು, ನನ್ನ ಮೂಗು ಕಾಣುತ್ತಿತ್ತು. ಹುಡುಗ ಸುಳ್ಳು ಹೇಳುತ್ತಿದ್ದ ಎನ್ನಲಾರೆ. ಆದರೆ ಆ ಮಾತನ್ನು ನಿಜವೆಂದು ತೋರಿಸಬಲ್ಲ ಒಂದೇ ಒಂದು ಸಾಲು ಉಳಿದಿರಲಿಲ್ಲ, ಕೇಳಿದ ಬೆಲೆ ಮಾತ್ರ ಉಳಿದಿತ್ತು.

ಆಮೇಲೆ ತಳ. ‘ಫ್ಲೋರ್ ಪೂರ್ತಿ ಹೊಸದು’ ಎಂದು ಹುಡುಗ ಹೆಮ್ಮೆಯಿಂದ ತೋರಿಸಿದ. ವೆಲ್ಡಿಂಗ್ ನಿಜಕ್ಕೂ ಚೆನ್ನಾಗಿತ್ತು. ನಾನು ಅವನ ಅಪ್ಪಣೆ ಪಡೆದು ವೈಪರ್ ಕೆಳಗಿನ ಕೌಲ್ ಎಂಬ ಟೊಳ್ಳು ಪೆಟ್ಟಿಗೆಗೆ ಒಂದು ಬಾಟಲಿ ನೀರು ಸುರಿದೆ. ನೀರು ಪಕ್ಕದಿಂದ ಹರಿದು ಮಡ್‌ಗಾರ್ಡಿನ ಒಳಗೆ ಕೆಳಗಿಳಿಯಬೇಕು. ಇಲ್ಲಿ ಅರ್ಧ ನಿಮಿಷದಲ್ಲಿ ಒಳಗಡೆ, ಹೊಸ ತಗಡಿನ ಮೇಲೆ, ಡ್ರೈವರಿನ ಕಾಲಿರುವ ಜಾಗದಲ್ಲಿ ತುಕ್ಕಿನ ಬಣ್ಣದ ನೀರು ತೊಟ್ಟಿಕ್ಕತೊಡಗಿತು. ಹಳೆಯ ಫ್ಲೋರನ್ನು ತಿಂದ ತೂತು ಮೇಲೆ ಹಾಗೆಯೇ ಇತ್ತು. ಅದಕ್ಕೆ ಹೊಸ ಊಟ ಬಡಿಸಿದ್ದರು ಅಷ್ಟೇ. ಮಿಶಿಗನ್‌ನಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ, ಡೆಟ್ರಾಯಿಟ್ ನಗರದ ಅಡಿಯಲ್ಲೇ ಸಾವಿರ ಅಡಿಗೂ ಹೆಚ್ಚಿನ ಆಳದಲ್ಲಿ ಉಪ್ಪಿನ ಗಣಿಯಿದೆ. ಕಾರನ್ನು ಹುಟ್ಟಿಸಿದ ಊರೇ ಅದನ್ನು ತಿನ್ನುವ ಉಪ್ಪನ್ನೂ ಅಗೆಯುತ್ತದೆ ಎಂಬುದು ನನಗೆ ಈಗಲೂ ಸೋಜಿಗ.

ಬಾಗಿಲು ಹಾಕಿ ನೋಡಿದರೆ ಸಂದು ಮೇಲೆ ಕಿರುಬೆರಳು ಹೋಗುವಷ್ಟು, ಕೆಳಗೆ ಕಾಗದವೂ ಹೋಗದಷ್ಟು. ಒಳಗೆ ಅಡ್ಡಪಟ್ಟಿ ಬೆಸೆಯದೆ ತಳವನ್ನು ಕತ್ತರಿಸಿದರೆ ಬಾಡಿ ಜಗ್ಗುತ್ತದೆ, ಜಗ್ಗಿದ ಮೇಲೆ ಹೊಸ ತಗಡು ಬೆಸೆದರೆ ಆ ಸೊಟ್ಟು ಅಲ್ಲಿಯೇ ಶಾಶ್ವತವಾಗುತ್ತದೆ. ಅಂದರೆ ಮಾಡಿದ ಕೆಲಸವನ್ನು ಮತ್ತೆ ಕೀಳಬೇಕು. ಕೀಳಬೇಕಾದ ಕೆಲಸ ಪರ್ಸೆಂಟಿನಲ್ಲಿ ಕೂಡುವುದಿಲ್ಲ, ಕಳೆಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಗೆಳೆಯ ನನ್ನ ಕಿವಿಯಲ್ಲಿ ‘ಮೂವತ್ತಕ್ಕೆ ಕೊಟ್ಟರೆ?’ ಎಂದ.

ಯಾರಾದರೂ ಒಂದು ಸಲವಾದರೂ ನನ್ನನ್ನು ಕೇಳಲಿ ಎಂದು ನಾನು ಕಾಯುತ್ತಿರುವ ಪ್ರಶ್ನೆಯೇ ಬೇರೆ: ‘ಇದನ್ನು ಬಿಚ್ಚಿದವರು ಯಾರು?’ ಬಿಚ್ಚುವವನ ತಲೆಯಲ್ಲಿ ಕಾರಿನ ನಕ್ಷೆ ಇರುತ್ತದೆ, ಅವನು ಬಿಟ್ಟುಹೋದರೆ ನಕ್ಷೆಯೂ ಹೋಗುತ್ತದೆ. ಅಂದು ಹುಡುಗನನ್ನು ನಾನು ಅದನ್ನೇ ಕೇಳಿದೆ. ಮೊದಲನೆಯವನು 2006ರಲ್ಲಿ ಬಿಚ್ಚಿ ಅರಿಜೋನಾಕ್ಕೆ ಹೋದನಂತೆ, ಎರಡನೆಯವನು ಎಂಜಿನ್ ಕಟ್ಟಿಸಿ ಕೈಬಿಟ್ಟನಂತೆ, ಮೂರನೆಯವನಾದ ಇವನು ಫ್ಲೋರ್ ಹಾಕಿ ಸುಸ್ತಾದ. ಮೂವತ್ತೊಂದು ಪೆಟ್ಟಿಗೆಗಳಲ್ಲಿ ಒಂಬತ್ತರ ಮೇಲೆ ‘ಇತರೆ’ ಎಂದು ಬರೆದಿತ್ತು. ಒಂದನ್ನು ತೆರೆದೆ: ಗಾಜು ಏರಿಸುವ ಎಡಗಡೆಯ ಯಂತ್ರಗಳು ಎರಡು, ಬಲಗಡೆಯದು ಒಂದೂ ಇಲ್ಲ, ತಳದಲ್ಲಿ ಒಂದು ಸೇರಿನಷ್ಟು ಬೋಲ್ಟು, ಜೊತೆಗೆ ಯಾವುದೋ ಫೋರ್ಡಿನ ಹಿಡಿಕೆ. ಕ್ಯಾಮರೊ ಆದ್ದರಿಂದ ಬದುಕಿದೆವು, ಅದಕ್ಕೆ ಇಡೀ ಬಾಡಿಯೇ ಹೊಸದಾಗಿ ಸಿಗುತ್ತದೆ. ಅದೇ ಕಾಲದ ಮರ್ಕ್ಯುರಿ ಸೈಕ್ಲೋನ್ ಎಂಬ ಕಾರಾಗಿದ್ದರೆ ಕಳೆದುಹೋದ ಒಂದು ಹೊಳಪಿನ ಪಟ್ಟಿಗಾಗಿ ವರ್ಷಗಟ್ಟಲೆ ಅಲೆಯಬೇಕಾಗುತ್ತಿತ್ತು. ಟೈಟಲ್, ಅಂದರೆ ಕಾರಿನ ಒಡೆತನದ ಪತ್ರ, ಕೇಳಿದೆ. ಅದು ಇನ್ನೂ ಅರಿಜೋನಾದವನ ಹೆಸರಿನಲ್ಲಿತ್ತು. ಅವನ ನಂತರದ ಇಬ್ಬರೂ ತಮ್ಮ ಹೆಸರಿಗೆ ಮಾಡಿಸಿಕೊಂಡಿರಲಿಲ್ಲ.

ನನ್ನ ಶೆವೆಲ್ ಕೂಡ 2015ರಿಂದ ಬಿಚ್ಚಿಕೊಂಡೇ ಇದೆಯಲ್ಲ ಎಂದು ಕೂಟದ ಕೆಲವರು ನಗುವುದು ನನಗೆ ಗೊತ್ತಿದೆ. ಅದನ್ನು ಬಿಚ್ಚಿದವನು ನಾನು, ಪ್ರತಿ ಬೋಲ್ಟಿಗೂ ಚೀಲವಿದೆ, ಚೀಲಕ್ಕೆ ಚೀಟಿಯಿದೆ, ಚೀಟಿಗೆ ಫೋಟೊ ಇದೆ. ಅದು ನಿಂತಿಲ್ಲ, ನಿಧಾನವಾಗಿದೆ. ಈ ವ್ಯತ್ಯಾಸ ನನ್ನ ಹೆಂಡತಿಗೆ ತಿಳಿಯದಿದ್ದರೂ ನಿಮಗೆ ತಿಳಿದಿರಲಿ.

ಬೆಲೆ ಕಟ್ಟುವುದು ಹೇಗೆಂದು ಕೇಳುವಿರಾದರೆ, ಅಂಥದೇ ಕಾರು ಕೆಲಸ ಮುಗಿದ ಸ್ಥಿತಿಯಲ್ಲಿ ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆಯೋ ನೋಡಿ, ಉಳಿದ ಕೆಲಸಕ್ಕೆ ಟಿಂಕರಿಂಗ್‌ನವರಿಂದಲೂ ಕ್ರೋಮ್‌ನವರಿಂದಲೂ ಬರೆಸಿಕೊಂಡ ಲೆಕ್ಕವನ್ನು ಅದರಿಂದ ಕಳೆಯಿರಿ. ನೆನಪಿಡಿ, ಬಣ್ಣ ಬಳಿಯುವವನು 307 ಘನ ಇಂಚಿನ ಎಂಜಿನ್ನಿನ ಸಾಧಾರಣ ಕ್ಯಾಮರೊಗೂ ಜ಼ೆಡ್ 28ಕ್ಕೂ ಒಂದೇ ಕೂಲಿ ಕೇಳುತ್ತಾನೆ. ಸಾಧಾರಣ ಕಾರಿನಲ್ಲಿ ಈ ಲೆಕ್ಕ ಬಹಳ ಸಲ ಸೊನ್ನೆಗಿಂತ ಕೆಳಗಿಳಿಯುತ್ತದೆ. ಆಗ ನೀವು ಕೊಳ್ಳುತ್ತಿರುವುದು ಕಾರನ್ನಲ್ಲ, ಶನಿವಾರಗಳ ಕೆಲಸವನ್ನು. ಅದು ಇಷ್ಟವಿದ್ದರೆ ಧಾರಾಳವಾಗಿ ಕೊಳ್ಳಿ, ಆದರೆ ‘ಡೀಲ್’ ಎಂಬ ಪದ ಬಳಸಬೇಡಿ.

ಅಂದು ನಾವು ಗುರುತಿಲ್ಲದ ಎಂಜಿನ್ನಿಗೆ ಎಂಜಿನ್ನಿನ ಬೆಲೆ, ಸೊಟ್ಟ ಬಾಡಿಗೆ ತಗಡಿನ ಬೆಲೆ, ಹೊಸ ಫ್ಲೋರಿಗೆ ಸೊನ್ನೆ ಹಾಕಿ ಹದಿಮೂರು ಸಾವಿರ ಎಂದೆವು. ಹುಡುಗ ಕೋಪಿಸಿಕೊಳ್ಳದೆ ಕಾಫಿ ಕೊಟ್ಟು ಕಳಿಸಿದ. ಗೆಳೆಯ ಎರಡು ವಾರ ನನ್ನೊಡನೆ ಮಾತನಾಡಲಿಲ್ಲ. ಕಳೆದ ಜೂನ್‌ನಲ್ಲಿ ಅದೇ ಕಾರನ್ನು ನಾಲ್ಕನೆಯವನೊಬ್ಬ ಮಾರಾಟಕ್ಕಿಟ್ಟಿದ್ದ. ಫ್ಲೋರಿಗೆ ಕಪ್ಪು ಬಣ್ಣ ಬಳಿದಿದ್ದರು, ಪೆಟ್ಟಿಗೆಗಳು ಇಪ್ಪತ್ತಾರಕ್ಕೆ ಇಳಿದಿದ್ದವು, ಜಾಹೀರಾತಿನಲ್ಲಿ ಎಂಬತ್ತೈದು ಪರ್ಸೆಂಟ್ ಎಂದು ಬರೆದಿತ್ತು.